ನಿಂತ ಮನೆ

ಜಿಲ್ಲಾಸ್ಪತ್ರೆಯ ಹಿಂದುಗಡೆ, ಲಾಂಡ್ರಿಗೆ ಅಂಟಿದ ಕೋಣೆಯಲ್ಲಿ
ಮೈನಸ್ ಎಂಬತ್ತರ ಪೆಟ್ಟಿಗೆ ಗುರುಗುಟ್ಟುತ್ತದೆ ಹಗಲೂ ರಾತ್ರಿ.
ಕರೆಂಟು ಹೋದರೆ ಜನರೇಟರು ಮೊದಲು ಅದಕ್ಕೆ,
ಆಮೇಲೆ ನಮ್ಮ ಫ್ಯಾನಿಗೆ.

ಬುಧವಾರ ಬುಧವಾರ ನಾನೂ ನಸ್ರೀನಳೂ ಆರಿಸುತ್ತೇವೆ
ವೈರಸ್ಸು ದಂಡಿಯಾಗಿರುವ ಮೂಗುಗಳನ್ನು:
ದಾವಣಗೆರೆಯ ಮಂಡಕ್ಕಿ ಭಟ್ಟಿಯ ಇಬ್ಬರು,
ಜಗಳೂರಿನ ಬಾಣಂತಿ,
ಹರಿಹರದ ಸೇತುವೆ ಪಕ್ಕ ಪಂಚರ್ ಹಾಕುವವನು,
ಹೈವೇ ಧಾಬಾದಲ್ಲಿ ಚಳಿಜ್ವರಕ್ಕೆ ಇಳಿದುಬಿಟ್ಟ
ಲಾರಿ ಕ್ಲೀನರ್ ಓಬಳೇಶ.
ಹೆಸರು ಇಲ್ಲೇ ಉಳಿಯುತ್ತದೆ. ನಂಬರು ಹೋಗುತ್ತದೆ
ಡ್ರೈ ಐಸಿನ ಹೊಗೆಯೊಳಗೆ ಕೂತು,
ತಿಪ್ಪೇಶಿಯ ಬೊಲೆರೊದಲ್ಲಿ, ಬೆಂಗಳೂರಿಗೆ.

ಎರಡು ವಾರಕ್ಕೆ ಮರ ಬರುತ್ತದೆ.
ಬೇರು ಎಡಕ್ಕೆ, ಎಲೆ ಬಲಕ್ಕೆ,
ಗಾಳಿಗೆ ಬಿದ್ದ ಮರದ ಹಾಗೆ.

ನಾನು ಹೆಳವರ ಪೈಕಿ.
ತಾತ ಎತ್ತಿನ ಮೇಲೆ ಕಂಬಳಿಯಲ್ಲಿ ಕಾಲು ಮುಚ್ಚಿ ಕೂತು
ಊರೂರು ತಿರುಗಿದವನು. ಸುಗ್ಗಿ ಮುಗಿದ ಮೇಲೆ
ಮನೆ ಮುಂದೆ ಗಂಟೆ ಅಲ್ಲಾಡಿಸಿ ಶುರು ಮಾಡಿದನೆಂದರೆ
ಬಸವಂತನ ಮಗ ಚೌಡಪ್ಪ, ಚೌಡಪ್ಪನಿಗೆ ಮೂವರು,
ಹಿರಿಯವ ಹೊಳೆ ದಾಟಿ ಹೋದ,
ನಡುವಿನವನದು ನಿಂತ ಮನೆ,
ಕಿರಿಯವನ ಪೈಕಿ ನೀವು;
ಒಂದೇ ಉಸಿರಿಗೆ ಹದಿನಾಲ್ಕು ತಲೆ.
ಮೊರದ ತುಂಬ ಜೋಳ ಹಿಡಿದು ನಿಂತವರು
ತಮ್ಮ ಹೆಸರು ಬರುವ ತನಕ ಕಾಯುತ್ತಿದ್ದರು.

ನನಗೆ ನಾಚಿಕೆಯಾಗುತ್ತಿತ್ತು.
ಜಾತಿ ಸರ್ಟಿಫಿಕೇಟಿಗಷ್ಟೇ ಹೆಳವಳು.

ಈಗ ನೋಡಿದರೆ ಅದೇ ಕಸುಬು.
ನಾಲ್ಕೇ ಅಕ್ಷರ. ಮೂವತ್ತು ಸಾವಿರ ಅಕ್ಷರದ ಒಂದೇ ಸಾಲು,
ಉಸಿರು ತಗೊಳ್ಳಲಿಕ್ಕೂ ಜಾಗವಿಲ್ಲ.
ಗಂಟಲಿನಿಂದ ಗಂಟಲಿಗೆ ನಕಲಾಗುವಾಗ
ಹದಿನೈದು ದಿನಕ್ಕೊಂದು ಕೈತಪ್ಪು.
ಬಹಳ ಸಲ ಏನೂ ಆಗುವುದಿಲ್ಲ ಅದರಿಂದ,
ಮಗ್ಗದಲ್ಲಿ ಒಂದೆಳೆ ಹಾರಿದ ಹಾಗೆ.
ಗಿರಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ
ಯಾರದೋ ಮನೆಯ ಹಳೇ ಬೆಡ್‌ಶೀಟಿನ ಅಂಚು ಸವರಿ
ಮಾಮ ಹೇಳುತ್ತಿದ್ದ: ಇದು ಆರನೇ ಮಗ್ಗದ್ದು.

ಓಬಳೇಶನ ಸಾಲು ಸೊಲ್ಲಾಪುರದ ಎರಡು ಎಲೆಗೆ ಕೂಡಿತು.
ಭಟ್ಟಿಯ ಇಬ್ಬರದು ಬೇರೆ ಬೇರೆ ಕೊಂಬೆ.
ಒಂದೇ ಒಲೆಯ ಹೊಗೆ ಕುಡಿದವರು, ಆದರೂ
ಒಬ್ಬನದು ಬಳ್ಳಾರಿ ಕಡೆಯದು, ಇನ್ನೊಬ್ಬನದು ಕೊಚ್ಚಿಯ ಸಂತಾನ.
ಇವನಿಂದಲೇ ಅವನಿಗೆ ಅಂತ ಓಣಿಯವರು
ಆಗಲೇ ಕಲ್ಲು ತೂರಿ ಮುಗಿಸಿದ್ದರು.

ಮೇಲಿನಿಂದ ಫೋನು: ಯಾರು ತಂದದ್ದು? ಒಂದು ಹೆಸರು ಕೊಡಿ.
ಮರ ಹಾಗೆ ಮಾತಾಡುವುದಿಲ್ಲ ಸಾರ್, ಅಂದೆ.
ಅಕ್ಕಪಕ್ಕ ಎರಡು ಎಲೆಯಿದ್ದರೆ
ಇದರಿಂದ ಅದೋ, ಅದರಿಂದ ಇದೋ,
ನಾವು ಕಾಣದ ಮೂರನೆಯದರಿಂದ ಎರಡೂವೋ.
ಸಾಹೇಬರು ಫೋನಿಟ್ಟರು.

ತಾತನನ್ನೂ ಕೇಳುತ್ತಿದ್ದರಂತೆ,
ಯಾವ ಮುತ್ತಜ್ಜ ನಮ್ಮ ಹೊಲ ನುಂಗಿದ, ಹೇಳೋ ಹೆಳವ.
"ಯಾರ ಹೊಟ್ಟ್ಯಾಗ ಯಾರು ಅನ್ನಾದು ಹೇಳ್ತೀನಿ.
ಯಾರ್ದು ತಪ್ಪು ಅನ್ನಾದು ನನ್ನ ಚೀಲದಾಗಿಲ್ಲ."

ಮೇ ತಿಂಗಳ ಕೊನೆಯ ಕಂತಿನಲ್ಲಿ ತಾತನ ನಂಬರೂ ಇತ್ತು.
ನಾನೇ ಬರೆದದ್ದು, ಹಸಿರು ಮುಚ್ಚಳದ ಮೇಲೆ.
ನಾಲ್ಕು ದಿನ ಆಕ್ಸಿಜನ್. ಆಮೇಲೆ ಸುತ್ತಿ ಕೊಟ್ಟರು,
ದೂರದಿಂದ ನೋಡಿದೆವು.

ಮರ ಬಂದ ದಿನ ಹುಡುಕಿದೆ.
ನಮ್ಮ ಓಣಿಯ ಏಳು ಎಲೆಯ ಗೊಂಚಲಿನಿಂದ
ಸ್ವಲ್ಪ ಆಚೆಗೆ ಚಾಚಿದ ಒಂದು ಕಡ್ಡಿ.
ಇಪ್ಪತ್ತೆರಡು ಸಾವಿರದ ಚಿಲ್ಲರೆಯ ಹತ್ತಿರ
ಸಿ ಇರಬೇಕಾದಲ್ಲಿ ಯು.
ಆ ತಪ್ಪು ಇನ್ಯಾರಲ್ಲೂ ಇಲ್ಲ.
ಜೂನಿನಲ್ಲಿ ನೋಡಿದೆ, ಆಗಸ್ಟಿನಲ್ಲಿ ನೋಡಿದೆ,
ಚಳ್ಳಕೆರೆ, ಕೊಪ್ಪಳ, ಸಾಂಗ್ಲಿ,
ಲೋಕದ ಪಟ್ಟಿಯನ್ನೆಲ್ಲ ಸೋಸಿದೆ.

ನಸ್ರೀನ್ ಅಂದಳು, ನಾವು ಓದುವುದು ನೂರಕ್ಕೆರಡು ಕಣೇ,
ಉಳಿದ ತೊಂಬತ್ತೆಂಟರಲ್ಲಿ ಎಲ್ಲೋ ಇದ್ದೀತು.
ಇದ್ದೀತು.

ಆದರೂ ಷರಾ ಕಾಲಂನಲ್ಲಿ, ಆ ನಂಬರಿನ ಎದುರು
ಕನ್ನಡದಲ್ಲಿ ಎರಡು ಪದ ಹೊಡೆದೆ.
ಬೆಂಗಳೂರಿನ ಹುಡುಗ ಫೋನು ಮಾಡಿದ:
ಮೇಡಂ, ಇದೇನು, 'ನಿಂತ ಮನೆ'?
ಟೈಪಿಂಗ್ ತಪ್ಪು, ಅಂದೆ.

ತಿದ್ದಲಿಲ್ಲ. ಬುಧವಾರ ಅವತ್ತು,
ಪೆಟ್ಟಿಗೆಗೆ ಐಸು ತುಂಬಬೇಕಿತ್ತು.